ಒಂದೂ ಪಾಯಿಂಟ್ ಸಿಗದ ಡ್ರೈವರ್, ಕಾರಿನ ಮೇಲೆ ಯೇಸುವಿನ ಹೆಸರು

ಫಾರ್ಮುಲಾ ಒನ್ ರೇಸ್ ನೋಡೋರು ಒಂದು ವಿಷಯ ಗಮನಿಸಿರಬಹುದು. ಕೆಂಪು ದೀಪಗಳು ಆರಿ ಎಲ್ಲ ಕಾರುಗಳೂ ನುಗ್ಗಿದ ಮೇಲೆ, ಅವುಗಳ ಬೆನ್ನಿಗೇ ಇನ್ನೊಂದು ಕಾರು ಹೊರಡುತ್ತೆ. ನೋಡೋಕೆ ಮಾಮೂಲಿ ರಸ್ತೆ ಕಾರಿನ ಹಾಗೇ ಇರುತ್ತೆ. ಮೊದಲ ಲ್ಯಾಪ್ ಪೂರ್ತಿ ರೇಸ್ ಕಾರುಗಳ ಹಿಂದೆ ಓಡಿ, ಸದ್ದಿಲ್ಲದೆ ಪಕ್ಕಕ್ಕೆ ಸರಿಯುತ್ತೆ. ಅದು ಮೆಡಿಕಲ್ ಕಾರ್. ಒಳಗೆ ಡಾಕ್ಟರ್ ಇರ್ತಾರೆ. ಸ್ಟೀರಿಂಗ್ ಹಿಡಿದವರು ಸಾಮಾನ್ಯವಾಗಿ ಒಂದು ಕಾಲದಲ್ಲಿ ತಾವೂ ರೇಸ್ ಓಡಿಸಿದವರು.

ಇವತ್ತು ಅಂಥ ಒಬ್ಬ ಡ್ರೈವರ್ ಕತೆ ಹೇಳ್ತೀನಿ. ಹೆಸರು ಅಲೆಕ್ಸ್ ಡಿಯಾಸ್ ರಿಬೇರೊ, ದೇಶ ಬ್ರೆಜಿಲ್. ಬ್ರೆಜಿಲ್ ಅಂದ ತಕ್ಷಣ ಫಿಟ್ಟಿಪಾಲ್ಡಿ, ಪಿಕೆ, ಸೆನ್ನಾ ನೆನಪಾಗ್ತಾರೆ, ಎಲ್ಲರೂ ವಿಶ್ವ ಚಾಂಪಿಯನ್ನರು. ರಿಬೇರೊ ಹೆಸರು ಹೇಳಿದರೆ ಗಟ್ಟಿ ಅಭಿಮಾನಿಗಳೂ ಒಂದು ಕ್ಷಣ ಯೋಚಿಸ್ತಾರೆ. ಯಾಕಂದ್ರೆ ಅವರು 20 ಗ್ರ್ಯಾಂಡ್ ಪ್ರಿಗಳಿಗೆ ಹೆಸರು ಕೊಟ್ಟರು, ಓಡಿದ್ದು 10ರಲ್ಲಿ, ಗಳಿಸಿದ ಪಾಯಿಂಟ್ ಸೊನ್ನೆ. ಆದರೂ ಅವರನ್ನು ನೆನಪಿಟ್ಟುಕೊಂಡವರು ಒಂದು ಕಾರಣಕ್ಕೆ ನೆನಪಿಟ್ಟುಕೊಂಡಿದ್ದಾರೆ. 1970ರ ದಶಕದಲ್ಲಿ ಅವರ ರೇಸ್ ಕಾರುಗಳ ಮೇಲೆ ದೊಡ್ಡ ಅಕ್ಷರದಲ್ಲಿ ಒಂದು ಮಾತಿರ್ತಿತ್ತು: ಯೇಸು ರಕ್ಷಿಸುತ್ತಾನೆ.

ಆ ಮಾತಿನ ಜೊತೆಗೇ ಒಂದು ಪ್ರಶ್ನೆ ಬರುತ್ತೆ. ಏನು ರಕ್ಷಿಸ್ತಾನೆ? ಕಾರು ಗೋಡೆಗೆ ಹೊಡೆದಾಗ ಪ್ರಾಣ ಉಳಿಸ್ತಾನಾ? ರೇಸ್ ಗೆಲ್ಲಿಸ್ತಾನಾ? ಎರಡೂ ಅಲ್ಲ ಅಂದ್ರೆ ಆ ಮಾತಿಗೆ ಅರ್ಥ ಏನು? ರಿಬೇರೊ ಬದುಕು ಪೂರ್ತಿ ಈ ಪ್ರಶ್ನೆ ಸುತ್ತಲೇ ತಿರುಗಿದ ಹಾಗೆ ನನಗೆ ಕಾಣುತ್ತೆ. ನಂಬಿಕೆ ಇರೋರೂ ಇಲ್ಲದೋರೂ ಈ ಕತೆ ಕೇಳಬಹುದು. ನಾನಿಲ್ಲಿ ಧರ್ಮಪ್ರಚಾರ ಮಾಡೋಕೆ ಕೂತಿಲ್ಲ.

ರಿಬೇರೊ ಹುಟ್ಟಿದ್ದು 1948ರಲ್ಲಿ, ಬೆಲೊ ಹೊರಿಜಾಂಟೆ ಊರಲ್ಲಿ. ಬೆಳೆದಿದ್ದು ಬ್ರೆಸಿಲಿಯಾದಲ್ಲಿ. ಅದು 1960ರಲ್ಲಿ ಉದ್ಘಾಟನೆಯಾದ ಹೊಸ ರಾಜಧಾನಿ, ಬಯಲಿನ ಮಧ್ಯೆ ನಕ್ಷೆ ಹಾಕಿ ಕಟ್ಟಿದ ಊರು. ಅಗಲವಾದ, ನೇರವಾದ ಹೊಸ ರಸ್ತೆಗಳು. ವೇಗದ ಹುಚ್ಚಿರೋ ಹುಡುಗರಿಗೆ ಇನ್ನೇನು ಬೇಕು? ದುಡ್ಡು ಬೇಕಿತ್ತು, ಅದಿರಲಿಲ್ಲ. ರಿಬೇರೊ ಮತ್ತು ಗೆಳೆಯರು ಅಪಘಾತದಲ್ಲಿ ನಜ್ಜುಗುಜ್ಜಾಗಿದ್ದ ಒಂದು ಫೋಕ್ಸ್‌ವ್ಯಾಗನ್ ಬೀಟಲ್ ತಂದು, ತಮ್ಮ ವರ್ಕ್‌ಶಾಪಿನಲ್ಲೇ ಅದರಿಂದ ಒಂದು ರೇಸ್ ಕಾರು ಮಾಡಿದ್ರು. ನೋಡೋಕೆ ಎಷ್ಟು ಕೆಟ್ಟದಾಗಿತ್ತು ಅಂದ್ರೆ ಜನ ಅದನ್ನ ‘ಪಾಟಿನ್ಯೊ ಫೆಯೊ’ ಅಂತ ಕರೆದರು. ಅಂದ್ರೆ ಕುರೂಪಿ ಬಾತುಮರಿ. ಕುರೂಪಿ ಬಾತುಮರಿ ಕೊನೆಗೆ ಹಂಸ ಆಗೋ ಮಕ್ಕಳ ಕತೆ ನಿಮಗೆ ಗೊತ್ತಲ್ವಾ? ಅದೇ ಹೆಸರು. ಇವತ್ತಿಗೂ ಬ್ರೆಜಿಲ್ ರೇಸಿಂಗ್ ಇತಿಹಾಸದಲ್ಲಿ ಆ ಕಾರಿಗೆ ಪ್ರೀತಿಯ ಜಾಗ ಇದೆ.

ಅಲ್ಲಿಂದ ಅವರು ಬ್ರೆಜಿಲ್‌ನ ಫಾರ್ಮುಲಾ ಫೋರ್ಡ್ ರೇಸುಗಳಿಗೆ ಬಂದ್ರು, ಆಮೇಲೆ ಇಂಗ್ಲೆಂಡಿಗೆ ಹೋದ್ರು. ಆಗ ದಕ್ಷಿಣ ಅಮೆರಿಕದ ಹುಡುಗರಿಗೆ ಮೇಲೇರೋಕೆ ಅದೇ ಏಣಿ. 1975ರಲ್ಲಿ ಅವರು ಮಾರ್ಚ್ ಕಂಪನಿಯ ಫಾರ್ಮುಲಾ ತ್ರೀ ಡ್ರೈವರ್. ಜೊತೆಗಾರ ಸ್ವೀಡನ್‌ನ ಗುನ್ನಾರ್ ನಿಲ್ಸನ್. ಆ ವರ್ಷ ಇಬ್ಬರೂ ಮುಂಚೂಣಿಯಲ್ಲಿದ್ರು. ಮುಂದಿನ ವರ್ಷ ರಿಬೇರೊ ಫಾರ್ಮುಲಾ ಟೂ ಓಡಿಸಿದರು. 1976ರ ಅಕ್ಟೋಬರಿನಲ್ಲಿ ಅಮೆರಿಕ ಗ್ರ್ಯಾಂಡ್ ಪ್ರಿಗೆ ಹೆಸ್ಕೆತ್ ತಂಡದ ಕಾರಿನಲ್ಲಿ ಮೊದಲ ಅವಕಾಶ ಸಿಕ್ತು. 12ನೇ ಸ್ಥಾನ. ಮೊದಲ ಪ್ರಯತ್ನಕ್ಕೆ ಕೆಟ್ಟದ್ದೇನಲ್ಲ.

ಈಗ ಆ ಕಾಲದ ರೇಸ್ ಟ್ರ್ಯಾಕ್ ಕಲ್ಪಿಸಿಕೊಳ್ಳಿ. ಕಾರುಗಳ ಮೇಲೆ ಮಾರ್ಲ್‌ಬೊರೊ, ಜಾನ್ ಪ್ಲೇಯರ್, ರಾಥ್‌ಮನ್ಸ್, ಎಲ್ಲೆಲ್ಲೂ ಸಿಗರೇಟು. 1976ರಲ್ಲಿ ಸರ್ಟೀಸ್ ತಂಡದ ಕಾರಿನ ಮೇಲೆ ಕಾಂಡೋಮ್ ಬ್ರ್ಯಾಂಡ್ ಜಾಹೀರಾತು ಬಂದಾಗ ಬಿಬಿಸಿಯವರು ಪ್ರಸಾರಕ್ಕೇ ಹಿಂಜರಿದ್ರು. ಇಂಥ ಜಾತ್ರೆಯೊಳಗೆ ಒಬ್ಬ ತನ್ನ ಕಾರಿನ ಮೇಲೆ ಯೇಸುವಿನ ಹೆಸರು ಹಾಕ್ಕೊಂಡು ಬರ್ತಾನೆ. ಲಾರಿ, ಆಟೋಗಳ ಮೇಲೆ ದೇವರ ಹೆಸರು ನೋಡ್ತಾ ಬೆಳೆದ ನಮಗೆ ಅದರಲ್ಲಿ ಏನು ವಿಶೇಷ ಅನ್ನಿಸಬಹುದು. ಯುರೋಪಿನ ರೇಸಿಂಗ್ ಮಂದಿಗೆ ಅದು ವಿಚಿತ್ರವೇ. ರೇಸ್ ಕಾರಿನ ಪ್ರತಿ ಇಂಚಿಗೂ ಬೆಲೆ ಇದೆ, ದುಡ್ಡು ಕೊಟ್ಟೋರ ಹೆಸರು ಅಲ್ಲಿರಬೇಕು ಅನ್ನೋದು ಅವರ ಲೆಕ್ಕ.

ಬ್ರೆಜಿಲ್‌ನಲ್ಲೂ ಅದು ಮಾಮೂಲಿ ಸಂಗತಿ ಆಗಿರಲಿಲ್ಲ. ದೇಶದ ಬಹುತೇಕ ಜನ ಕ್ಯಾಥೊಲಿಕರು. ರಿಬೇರೊ ಇದ್ದದ್ದು ಇವಾಂಜೆಲಿಕಲ್ ಪಂಥದಲ್ಲಿ. 1970ರ ಜನಗಣತಿ ಪ್ರಕಾರ ಅಲ್ಲಿ ಇವಾಂಜೆಲಿಕಲ್ ಅಂತ ಲೆಕ್ಕಕ್ಕೆ ಬಂದವರು ಶೇ 5ರಷ್ಟು ಮಾತ್ರ. 2010ಕ್ಕೆ ಅದು ಶೇ 22 ದಾಟಿತು. ಅಂದ್ರೆ ರಿಬೇರೊ ಆ ಮಾತು ಬರೆಸಿದಾಗ ಅವರು ಒಂದು ಸಣ್ಣ ಗುಂಪಿನವರು. ಗೋಲು ಹೊಡೆದ ಬ್ರೆಜಿಲ್ ಆಟಗಾರ ಜೆರ್ಸಿ ಎತ್ತಿ ಒಳಗಿನ ಟಿ-ಶರ್ಟ್ ಮೇಲೆ ಯೇಸುವಿನ ಹೆಸರು ತೋರಿಸೋ ದೃಶ್ಯ ನಾವೆಲ್ಲ ನೋಡಿದ್ದೀವಿ. ಅದಕ್ಕಿಂತ ಬಹಳ ಮುಂಚಿನ ಮಾತು ಇದು.

ಸರಿ, 1977ಕ್ಕೆ ಬರೋಣ. ರಿಬೇರೊಗೆ ಮಾರ್ಚ್ ತಂಡದಲ್ಲಿ ಪೂರ್ಣಾವಧಿ ಫಾರ್ಮುಲಾ ಒನ್ ಸೀಟು ಸಿಕ್ಕಿತು. ಕನಸು ಕೈಗೆ ಬಂತು. ಆದರೆ ಕಾರು ನಿಧಾನ, ತಂಡದಲ್ಲಿ ದುಡ್ಡಿಲ್ಲ. ಮೊದಲ ನಾಲ್ಕು ರೇಸುಗಳಲ್ಲಿ ಒಂದನ್ನೂ ಪೂರೈಸೋಕೆ ಆಗಲಿಲ್ಲ. ಆಮೇಲೆ ಇನ್ನೂ ಕೆಟ್ಟ ಕಾಲ ಬಂತು. ಆಗ ಬರ್ತಿದ್ದ ಕಾರುಗಳಿಗಿಂತ ಗ್ರಿಡ್‌ನಲ್ಲಿ ಜಾಗ ಕಡಿಮೆ ಇರ್ತಿತ್ತು. ಅರ್ಹತಾ ಸುತ್ತಿನಲ್ಲಿ ಹಿಂದೆ ಬಿದ್ದರೆ ಭಾನುವಾರ ರೇಸೇ ಇಲ್ಲ, ಮನೆಗೆ ಹೋಗಬೇಕು. ಸ್ಪೇನ್, ಮೊನಾಕೊ, ಬೆಲ್ಜಿಯಂ, ಸ್ವೀಡನ್, ಫ್ರಾನ್ಸ್, ಬ್ರಿಟನ್. ಸಾಲಾಗಿ ಆರು ಕಡೆ ರಿಬೇರೊಗೆ ಅರ್ಹತೆ ಸಿಗಲಿಲ್ಲ. ಒಂದು ಕ್ಷಣ ಯೋಚಿಸಿ. ಕಾರಿನ ಮೇಲಿನ ಆ ಮಾತಿಗೆ ಹೆಸರಾದ ಮನುಷ್ಯ, ಶನಿವಾರ ಸಂಜೆ ಆ ಕಾರನ್ನು ಲಾರಿಗೆ ಹತ್ತಿಸೋದನ್ನ ನೋಡ್ತಾ ನಿಲ್ಲೋದು.

ಜರ್ಮನಿಯ ಹಾಕೆನ್‌ಹೈಮ್‌ನಲ್ಲಿ ಕೊನೆಗೂ ಓಡಿದ್ರು, 8ನೇ ಸ್ಥಾನ. ಕೆನಡಾದಲ್ಲಿ ಮತ್ತೆ 8ನೇ ಸ್ಥಾನ. ಈಗಿನ ನಿಯಮದಲ್ಲಿ 8ನೇ ಸ್ಥಾನಕ್ಕೆ 4 ಪಾಯಿಂಟ್ ಸಿಗುತ್ತೆ. ಆಗ ಪಾಯಿಂಟ್ ಇದ್ದದ್ದು ಮೊದಲ ಆರು ಜನಕ್ಕೆ ಮಾತ್ರ. ಒಟ್ಟು ಆ ವರ್ಷ 17 ಪ್ರಯತ್ನ, 9 ರೇಸ್, 8 ಸಲ ಬರಿಗೈಲಿ ವಾಪಸ್.

ಇಷ್ಟೇ ಆಗಿದ್ದರೆ ಇದು ಬರೀ ಸೋಲಿನ ಕತೆ ಆಗ್ತಿತ್ತು. ಆದರೆ ಅದೇ ವರ್ಷ ಸಾವೂ ಅಷ್ಟೇ ಹತ್ತಿರದಲ್ಲಿ ಓಡಾಡ್ತಿತ್ತು. 1977ರ ಮಾರ್ಚ್ 5, ದಕ್ಷಿಣ ಆಫ್ರಿಕಾದ ಕ್ಯಾಲಾಮಿ. ಶ್ಯಾಡೊ ತಂಡದ ಒಂದು ಕಾರು ಟ್ರ್ಯಾಕಿನ ಪಕ್ಕ ನಿಂತು, ಅದರಲ್ಲಿ ಸಣ್ಣ ಬೆಂಕಿ ಕಾಣಿಸಿಕೊಂಡಿತು. ಇಬ್ಬರು ಮಾರ್ಷಲ್‌ಗಳು ಬೆಂಕಿ ಆರಿಸೋಕೆ ಟ್ರ್ಯಾಕ್ ದಾಟಿ ಓಡಿದ್ರು. ಅಲ್ಲೊಂದು ಏರು ಇತ್ತು, ಆಚೆಯಿಂದ ಬರೋ ಡ್ರೈವರ್‌ಗೆ ಈಚೆಗಿನದು ಕಾಣ್ತಿರಲಿಲ್ಲ. ಅದೇ ಶ್ಯಾಡೊ ತಂಡದ ಇನ್ನೊಬ್ಬ ಡ್ರೈವರ್, ವೇಲ್ಸ್‌ನ ಟಾಮ್ ಪ್ರೈಸ್, ಪೂರ್ಣ ವೇಗದಲ್ಲಿ ಬಂದ್ರು. 19 ವರ್ಷದ ಮಾರ್ಷಲ್ ಫ್ರೆಡೆರಿಕ್ ಯಾನ್ಸನ್ ವ್ಯಾನ್ ವೂರನ್ ಕಾರಿಗೆ ಸಿಕ್ಕಿ ಸತ್ತರು. ಅವರ ಕೈಲಿದ್ದ ಬೆಂಕಿ ಆರಿಸುವ ಸಿಲಿಂಡರ್ ಪ್ರೈಸ್ ತಲೆಗೆ ಬಡಿದು ಅವರೂ ಅಲ್ಲೇ ಸತ್ತರು. ಪ್ರೈಸ್‌ಗೆ 27 ವರ್ಷ. ರಿಬೇರೊ ಆ ರೇಸಿನಲ್ಲಿದ್ದರು.

ಎರಡು ವಾರವೂ ಆಗಿರಲಿಲ್ಲ, ಬ್ರೆಜಿಲ್‌ನ ಇನ್ನೊಬ್ಬ ಡ್ರೈವರ್ ಜೋಸೆ ಕಾರ್ಲೋಸ್ ಪಾಸೆ ಸಣ್ಣ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಸಾವ್ ಪಾವ್ಲೊದ ಇಂಟರ್‌ಲಾಗೋಸ್ ಟ್ರ್ಯಾಕಿಗೆ ಈಗ ಅವರ ಹೆಸರೇ ಇದೆ. ಮುಂದಿನ ವರ್ಷ ಅಕ್ಟೋಬರಿನಲ್ಲಿ ರಿಬೇರೊ ಅವರ ಹಳೇ ಜೊತೆಗಾರ ಗುನ್ನಾರ್ ನಿಲ್ಸನ್ ಕ್ಯಾನ್ಸರಿನಿಂದ ಹೋದರು. ಪ್ರೈಸ್, ಪಾಸೆ, ನಿಲ್ಸನ್, ಮೂವರೂ ರಿಬೇರೊ ತಲೆಮಾರಿನವರೇ. ಮೂವರೂ ಅವರಿಗಿಂತ ಒಳ್ಳೆಯ ಕಾರುಗಳಲ್ಲಿ, ಅವರಿಗಿಂತ ಹೆಚ್ಚು ಹೆಸರು ಮಾಡಿದವರು.

ಈಗ ಹೇಳಿ, ಬದುಕಿ ಉಳಿದ ರಿಬೇರೊ ಅವರನ್ನ ದೇವರು ಕಾಪಾಡಿದ ಅಂತ ಹೇಳೋಣ ಅಂದ್ರೆ, ಉಳಿದವರನ್ನ ಕೈಬಿಟ್ಟ ಅಂತ ಹೇಳಬೇಕಾಗುತ್ತೆ. ಬೆಂಕಿ ಆರಿಸೋಕೆ ಓಡಿದ ಆ 19ರ ಹುಡುಗ ಯಾವ ತಪ್ಪು ಮಾಡಿದ್ದ? ಈ ಲೆಕ್ಕ ಎಲ್ಲಿಗೂ ಮುಟ್ಟಲ್ಲ. ರೇಸಿಂಗ್ ಲೋಕದಲ್ಲಿ ನಂಬಿಕೆಯನ್ನ ಇನ್ಶೂರೆನ್ಸ್ ಪಾಲಿಸಿ ಅಂದುಕೊಂಡ್ರೆ ಅದು ಮೊದಲ ಅಪಘಾತಕ್ಕೇ ಮುರಿದುಬೀಳುತ್ತೆ.

ರಿಬೇರೊ ಏನು ಮಾಡಿದ್ರು? ಫಾರ್ಮುಲಾ ಒನ್ ಸೀಟು ಹೋಯ್ತು. ಅವರು ಒಂದು ಮೆಟ್ಟಿಲು ಕೆಳಗಿಳಿದು 1978ರಲ್ಲಿ ಫಾರ್ಮುಲಾ ಟೂಗೆ ಸ್ವಂತ ಸಣ್ಣ ತಂಡ ಕಟ್ಟಿಕೊಂಡು ಬಂದರು. ಕಾರಿನ ಮೇಲೆ ಮತ್ತೆ ಅದೇ ಮಾತು. ಆ ವರ್ಷದ ಏಪ್ರಿಲ್ ಕೊನೆಗೆ ಜರ್ಮನಿಯ ಹಳೇ ನ್ಯೂರ್ಬರ್ಗ್‌ರಿಂಗ್‌ನಲ್ಲಿ ರೇಸ್. ಕಾಡು ಬೆಟ್ಟಗಳ ನಡುವೆ ಒಂದು ಸುತ್ತಿಗೇ 22.8 ಕಿಲೋಮೀಟರ್. ಎರಡು ವರ್ಷದ ಹಿಂದೆ ಇಲ್ಲೇ ನಿಕಿ ಲೌಡಾ ಬೆಂಕಿಯಲ್ಲಿ ಬೆಂದು ಬದುಕಿದ್ದು. ಅದಾದ ಮೇಲೆ ಫಾರ್ಮುಲಾ ಒನ್ ಈ ಹಳೇ ಟ್ರ್ಯಾಕಿಗೆ ಮತ್ತೆ ಬರಲೇ ಇಲ್ಲ. ಆದರೆ ಫಾರ್ಮುಲಾ ಟೂ ಹುಡುಗರು ಇನ್ನೂ ಅಲ್ಲೇ ಓಡ್ತಿದ್ರು. ಜಗತ್ತಿನ ಅತ್ಯಂತ ಅಪಾಯದ ಆ ಟ್ರ್ಯಾಕಿನಲ್ಲಿ, ದೊಡ್ಡ ತಂಡಗಳನ್ನ ಹಿಂದೆ ಹಾಕಿ ರಿಬೇರೊ ಗೆದ್ದರು. ಅವರ ಬದುಕಿನ ದೊಡ್ಡ ಗೆಲುವು ಅದು.

ಸಿನಿಮಾ ಆಗಿದ್ರೆ ಇಲ್ಲಿಗೆ ‘ಶುಭಂ’ ಅಂತ ಹಾಕ್ತಿದ್ರು. ಇತಿಹಾಸ ಹಾಗಲ್ಲ. ಆ ಗೆಲುವು ಯಾವ ದೊಡ್ಡ ಬಾಗಿಲನ್ನೂ ತೆರೆಯಲಿಲ್ಲ. 1979ರ ಕೊನೆಗೆ ಫಿಟ್ಟಿಪಾಲ್ಡಿ ತಂಡದವರು ಕೆನಡಾ, ಅಮೆರಿಕ ಎರಡು ರೇಸಿಗೆ ಕರೆದರು, ಎರಡರಲ್ಲೂ ಅರ್ಹತೆ ಸಿಗಲಿಲ್ಲ. ಅಲ್ಲಿಗೆ ಅವರ ಫಾರ್ಮುಲಾ ಒನ್ ಡ್ರೈವಿಂಗ್ ಮುಗೀತು.

ನನಗೆ ಇಲ್ಲಿ ಮುಖ್ಯ ಅನ್ನಿಸೋದು ಇದು. ಕಾರಿನ ಮೇಲಿನ ಮಾತು ಗೆದ್ದಾಗ ಒಂದು ಅರ್ಥ, ಸೋತಾಗ ಇನ್ನೊಂದು ಅರ್ಥ ಆಗಿದ್ದರೆ, ಮೊನಾಕೊದಿಂದ ವಾಪಸ್ ಬರುವಾಗಲೇ ಅವರು ಅದನ್ನ ಕೆರೆದು ತೆಗೀಬೇಕಿತ್ತು. ತೆಗೀಲಿಲ್ಲ. ಅಂದ್ರೆ ಅವರ ಮನಸ್ಸಿನಲ್ಲಿ ಆ ರಕ್ಷಣೆ ಲ್ಯಾಪ್ ಟೈಮಿಗೆ ಸೇರಿದ್ದಲ್ಲ. ಕ್ರೈಸ್ತ ನಂಬಿಕೆಯಲ್ಲೂ ಆ ಪದಕ್ಕೆ ಮೂಲ ಅರ್ಥ ಆತ್ಮದ ಬಿಡುಗಡೆ. ಗಾಯ ಆಗಲ್ಲ, ಸಾವು ಬರಲ್ಲ ಅನ್ನೋ ಗ್ಯಾರಂಟಿ ಅದರಲ್ಲಿ ಇಲ್ಲವೇ ಇಲ್ಲ.

ಇದೇ ಪ್ರಶ್ನೆ ಹತ್ತು ವರ್ಷ ಆದ್ಮೇಲೆ ಇಡೀ ಜಗತ್ತಿನ ಮುಂದೆ ಬಂತು, ಇನ್ನೊಬ್ಬ ಬ್ರೆಜಿಲ್ ಡ್ರೈವರ್ ಮೂಲಕ. ಐರ್ಟನ್ ಸೆನ್ನಾ. ಸೆನ್ನಾ ಬೈಬಲ್ ಓದ್ತಿದ್ರು, ದೇವರ ಬಗ್ಗೆ ಸಂಕೋಚ ಇಲ್ಲದೆ ಮಾತಾಡ್ತಿದ್ರು. ಅವರ ಎದುರಾಳಿ ಅಲೆನ್ ಪ್ರೋಸ್ಟ್ ಒಂದು ಕಟುವಾದ ಮಾತು ಹೇಳಿದರು. ದೇವರನ್ನ ನಂಬೋದರಿಂದ ತಾನು ಸಾಯಲ್ಲ ಅಂತ ಸೆನ್ನಾ ಅಂದುಕೊಂಡಿದ್ದಾರೆ, ಇದು ಬೇರೆ ಡ್ರೈವರ್‌ಗಳಿಗೆ ಅಪಾಯ, ಅನ್ನೋದು ಅದರ ಸಾರ. ಸೆನ್ನಾ ಒಪ್ಪಲಿಲ್ಲ. ತನಗೂ ಎಲ್ಲರ ಹಾಗೇ ಭಯ ಇದೆ, ನಂಬಿಕೆ ಇದ್ದ ಮಾತ್ರಕ್ಕೆ ಗಾಯ ಆಗಲ್ಲ ಅಂತೇನಿಲ್ಲ ಅಂದ್ರು.

ಪ್ರೋಸ್ಟ್ ಕೇಳಿದ್ದು ತಪ್ಪು ಪ್ರಶ್ನೆ ಅಂತ ನನಗನ್ನಿಸಲ್ಲ. ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ಪಕ್ಕದಲ್ಲಿ ಓಡೋ ಮನುಷ್ಯ ತನಗೆ ಏನೂ ಆಗಲ್ಲ ಅಂದುಕೊಂಡಿದ್ದರೆ, ಯಾರಿಗಾದ್ರೂ ಹೆದರಿಕೆ ಆಗಲೇಬೇಕು. ಆದರೆ 1992ರ ಬೆಲ್ಜಿಯಂ ಗ್ರ್ಯಾಂಡ್ ಪ್ರಿ ಅಭ್ಯಾಸದ ವಿಡಿಯೊ ಒಮ್ಮೆ ನೋಡಿ. ಎರಿಕ್ ಕೋಮಾ ಅನ್ನೋ ಡ್ರೈವರ್ ಕಾರು ಅಪ್ಪಳಿಸಿ ಟ್ರ್ಯಾಕ್ ಮೇಲೇ ನಿಂತಿದೆ. ಸೆನ್ನಾ ತಮ್ಮ ಕಾರು ನಿಲ್ಲಿಸಿ, ಇಳಿದು, ಬೇರೆ ಕಾರುಗಳು ಬರ್ತಿರುವಾಗಲೇ ಓಡಿಹೋಗಿ ಕೋಮಾ ಕಾರಿನ ಎಂಜಿನ್ ಆಫ್ ಮಾಡ್ತಾರೆ, ಅವರ ತಲೆ ಹಿಡಿದುಕೊಳ್ತಾರೆ. ಅಪಾಯ ಏನು ಅಂತ ಗೊತ್ತಿದ್ದವನ ಓಟ ಅದು.

1994ರ ಇಮೋಲಾ ನಿಮಗೆ ಗೊತ್ತು. ಶನಿವಾರ ರೋಲಂಡ್ ರಾಟ್ಸೆನ್‌ಬರ್ಗರ್ ಸತ್ತರು. ರೇಸ್‌ಗಳ ಮುಖ್ಯ ವೈದ್ಯ ಪ್ರೊಫೆಸರ್ ಸಿಡ್ ವಾಟ್ಕಿನ್ಸ್, ಸೆನ್ನಾ ಗೆಳೆಯರು ಕೂಡ, ರೇಸಿಂಗ್ ಸಾಕು, ಇಬ್ಬರೂ ಮೀನು ಹಿಡಿಯೋಕೆ ಹೋಗೋಣ ಅಂತ ಕೇಳಿಕೊಂಡರು. ಸೆನ್ನಾ ತನ್ನಿಂದ ಬಿಡೋಕೆ ಆಗಲ್ಲ ಅಂದ್ರು. ಭಾನುವಾರ, ಮೇ 1, ಏಳನೇ ಲ್ಯಾಪ್. ನೆಲದ ಮೇಲೆ ಅವರ ಕೊನೆಯ ಉಸಿರಿನ ಹತ್ತಿರ ಕೂತಿದ್ದವರು ಇದೇ ವಾಟ್ಕಿನ್ಸ್. ತಾನು ಧಾರ್ಮಿಕ ವ್ಯಕ್ತಿ ಅಲ್ಲದಿದ್ದರೂ ಆ ಕ್ಷಣ ಗೆಳೆಯನ ಆತ್ಮ ಹೊರಟಿತು ಅನ್ನಿಸಿತು ಅಂತ ಅವರು ಆಮೇಲೆ ಬರೆದರು.

ಅದೇ ವರ್ಷ ಜುಲೈನಲ್ಲಿ ಬ್ರೆಜಿಲ್ ಫುಟ್ಬಾಲ್ ವಿಶ್ವಕಪ್ ಗೆದ್ದಿತು, ಆಟಗಾರರು ಸೆನ್ನಾಗೆ ಅರ್ಪಿಸಿದ ಬ್ಯಾನರ್ ಹಿಡಿದರು. ರಿಬೇರೊ ಇಲ್ಲಿ ಮತ್ತೆ ಕತೆಗೆ ಬರ್ತಾರೆ. ರೇಸಿಂಗ್ ಬಿಟ್ಟ ಮೇಲೆ ಅವರು ‘ಕ್ರಿಸ್ತನ ಕ್ರೀಡಾಪಟುಗಳು’ ಅನ್ನೋ ಬ್ರೆಜಿಲ್ ಸಂಘದ ಮುಂದಾಳಾಗಿದ್ರು. ಆ ತಂಡದ ಜಾರ್ಜಿನ್ಯೊ, ಗೋಲ್‌ಕೀಪರ್ ತಫರೆಲ್ ಇಬ್ಬರೂ ಆ ಸಂಘದವರು. ಫೈನಲ್ ಪೆನಾಲ್ಟಿಯಲ್ಲಿ ತೀರ್ಮಾನ ಆಯ್ತು. ಚೆಂಡನ್ನ ಗೋಲಿನ ಮೇಲಿಂದ ಹೊಡೆದು ಸೋತವರು ಇಟಲಿಯ ರಾಬರ್ಟೊ ಬಾಜಿಯೊ. ಅವರು ಶ್ರದ್ಧೆಯಿಂದ ಪ್ರಾರ್ಥನೆ ಮಾಡೋ ಬೌದ್ಧರು. ಆಗ ದೇವರು ಗೆಲ್ಲಿಸಿದ ಅಂತ ಹೇಳಿದವರು ಬೇಕಾದಷ್ಟು ಜನ. ಆದರೆ 20 ಸಲ ಪ್ರಯತ್ನಿಸಿ ಒಂದೂ ಪಾಯಿಂಟ್ ಸಿಗದ ರಿಬೇರೊ ಬದುಕನ್ನ ಪಕ್ಕದಲ್ಲಿಟ್ಟು ನೋಡಿದರೆ ಆ ಮಾತು ನನಗೆ ಒಪ್ಪಿಗೆ ಆಗಲ್ಲ. ಗೆದ್ದವನ ದೇವರು ದೊಡ್ಡೋನು ಅನ್ನೋದಾದ್ರೆ ರಿಬೇರೊ ಅವರ ನಂಬಿಕೆಗೆ ಯಾವತ್ತೋ ಅರ್ಥ ಹೋಗಬೇಕಿತ್ತು.

ಈಗ ಮೆಡಿಕಲ್ ಕಾರಿಗೆ ವಾಪಸ್ ಬರೋಣ. ಅದು ಯಾಕೆ ಶುರುವಾಯ್ತು ಗೊತ್ತಾ? 1978ರ ಸೆಪ್ಟೆಂಬರ್, ಇಟಲಿಯ ಮೊನ್ಜಾ. ರೇಸ್ ಶುರುವಾದ ಕೆಲವೇ ಕ್ಷಣದಲ್ಲಿ ಕಾರುಗಳು ಒಂದಕ್ಕೊಂದು ಡಿಕ್ಕಿ. ಸ್ವೀಡನ್‌ನ ರಾನಿ ಪೀಟರ್ಸನ್ ಕಾಲುಗಳು ಮುರಿದವು. ಬೇರೆ ಡ್ರೈವರ್‌ಗಳೇ ಅವರನ್ನ ಬೆಂಕಿಯಿಂದ ಎಳೆದರು. ಪೊಲೀಸರು ಸಾಲುಗಟ್ಟಿ ನಿಂತು ವಾಟ್ಕಿನ್ಸ್ ಅವರನ್ನೂ ಹತ್ತಿರ ಬಿಡಲಿಲ್ಲ, ಆಂಬ್ಯುಲೆನ್ಸ್ ಬರೋಕೆ ಕಾಲು ಗಂಟೆಗೂ ಹೆಚ್ಚು ಹಿಡಿಯಿತು. ಮಾರನೇ ದಿನ ಪೀಟರ್ಸನ್ ತೀರಿಕೊಂಡರು. ವಾಟ್ಕಿನ್ಸ್ ಪಟ್ಟು ಹಿಡಿದರು: ಹೆಲಿಕಾಪ್ಟರ್ ಬೇಕು, ಅರಿವಳಿಕೆ ತಜ್ಞರು ಬೇಕು, ಮೊದಲ ಲ್ಯಾಪಿನಲ್ಲಿ ಡಾಕ್ಟರ್ ಇರೋ ಕಾರು ಹಿಂದೆಯೇ ಬರಬೇಕು. ಜೀವಗಳು ಉಳಿದದ್ದು ಇಂಥ ಹಟದಿಂದ, ಎಂಜಿನಿಯರ್‌ಗಳ ಕೆಲಸದಿಂದ. ಇದನ್ನ ಮರೆಮಾಚಬಾರದು.

1999ರಲ್ಲಿ, ಐವತ್ತರ ವಯಸ್ಸಿನಲ್ಲಿ, ಆ ಮೆಡಿಕಲ್ ಕಾರಿನ ಸ್ಟೀರಿಂಗ್ ರಿಬೇರೊ ಕೈಗೆ ಬಂತು. 2002ರವರೆಗೆ ಅವರೇ ಓಡಿಸಿದರು. ಒಂದು ಕಾಲದಲ್ಲಿ ಗ್ರಿಡ್‌ನಲ್ಲಿ ಜಾಗ ಸಿಗದೆ ವಾಪಸ್ ಹೋಗ್ತಿದ್ದ ಮನುಷ್ಯ ಈಗ ಪ್ರತಿ ರೇಸಿನಲ್ಲೂ ಗ್ರಿಡ್‌ನ ಹಿಂದೆ ನಿಂತಿರ್ತಿದ್ದರು. ವಾಟ್ಕಿನ್ಸ್ ತಂಡದಲ್ಲಿ ಅವರ ಕೆಲಸ ಒಂದೇ: ಯಾರಿಗೆ ಏನಾದರೂ ಆದರೆ ಮೊದಲು ಅಲ್ಲಿರಬೇಕು.

2002ರ ಮಾರ್ಚ್ 31, ಇಂಟರ್‌ಲಾಗೋಸ್. ಪಾಸೆ ಹೆಸರಿನ ಟ್ರ್ಯಾಕ್, ಸೆನ್ನಾ ಹೆಸರಿನ ತಿರುವು. ಬೆಳಗಿನ ವಾರ್ಮ್-ಅಪ್‌ನಲ್ಲಿ ಎನ್ರಿಕೆ ಬೆರ್ನೋಲ್ಡಿ ಕಾರು ಅಲ್ಲಿ ಅಪ್ಪಳಿಸಿತು. ರಿಬೇರೊ ಮೆಡಿಕಲ್ ಕಾರು ತಂದು ನಿಲ್ಲಿಸಿದರು, ಇಳಿಯೋಕೆ ಬಾಗಿಲು ತೆಗೆದರು. ಅದೇ ಕ್ಷಣಕ್ಕೆ ನಿಕ್ ಹೈಡ್‌ಫೆಲ್ಡ್ ಅವರ ಸೌಬರ್ ಕಾರು ಬಂದು ಆ ಬಾಗಿಲನ್ನ ಕಿತ್ತುಕೊಂಡು ಹೋಯಿತು. ರಿಬೇರೊ ಇನ್ನೂ ಕೆಳಗೆ ಕಾಲಿಟ್ಟಿರಲಿಲ್ಲ. ಒಂದು ಸೆಕೆಂಡ್ ಆಚೀಚೆ ಆಗಿದ್ದರೆ ಕ್ಯಾಲಾಮಿ ಮತ್ತೆ ನಡೀತಿತ್ತು. ಯೂಟ್ಯೂಬಿನಲ್ಲಿ ಈ ದೃಶ್ಯಕ್ಕೆ ನಗೋ ಇಮೋಜಿಗಳು ತುಂಬಿವೆ. ಅವರಿಗೆ ಆ 19ರ ಮಾರ್ಷಲ್ ಕತೆ ಗೊತ್ತಿಲ್ಲ, ಅಷ್ಟೇ.

ಅಲ್ಲಿ ದೇವರು ಕಾಪಾಡಿದನಾ, ಅದೃಷ್ಟವಾ? ನೀವು ನಿಮ್ಮ ಉತ್ತರ ಇಟ್ಟುಕೊಳ್ಳಿ. ನನ್ನ ಕಣ್ಣು ಹೋಗೋದು ಅದಕ್ಕೂ ಮುಂಚಿನ ಕ್ಷಣಕ್ಕೆ, ಅವರು ಬಾಗಿಲು ತೆಗೆದ ಕ್ಷಣಕ್ಕೆ. ಯೌವನದಲ್ಲಿ ರಕ್ಷಣೆ ಅನ್ನೋ ಮಾತು ಕಾರಿನ ಮೇಲೆ ಬಣ್ಣದಲ್ಲಿ ಬರೆದಿತ್ತು. ಐವತ್ತು ದಾಟಿದ ಮೇಲೆ ಅದು ಕೆಲಸವೇ ಆಗಿತ್ತು.

2020ರ ನವೆಂಬರ್ 29ರಂದು ಬಹರೇನ್‌ನಲ್ಲಿ ರೊಮೇನ್ ಗ್ರೋಜಾನ್ ಕಾರು ಮೊದಲ ಲ್ಯಾಪಿನಲ್ಲೇ ಎರಡು ತುಂಡಾಗಿ ಬೆಂಕಿಯ ಉಂಡೆ ಆಯಿತು. ಮೆಡಿಕಲ್ ಕಾರು ಹಿಂದೆಯೇ ಇತ್ತು, ಕೆಲವೇ ಸೆಕೆಂಡಿನಲ್ಲಿ ಡಾಕ್ಟರ್ ಇಯಾನ್ ರಾಬರ್ಟ್ಸ್ ಅಲ್ಲಿದ್ದರು. ಗ್ರೋಜಾನ್ ಬೆಂಕಿಯಿಂದ ತಾವೇ ಎದ್ದು ಬರ್ತಿದ್ದ ಹಾಗೆ ರಾಬರ್ಟ್ಸ್ ಅವರನ್ನ ತಡೆಗೋಡೆ ಮೇಲಿಂದ ಈಚೆಗೆ ತಂದರು. ಕಾರು ಓಡಿಸಿಕೊಂಡು ಬಂದಿದ್ದ ಅಲನ್ ವ್ಯಾನ್ ಡರ್ ಮೆರ್ವೆ ಕೈಲಿ ಬೆಂಕಿ ಆರಿಸೋ ಸಿಲಿಂಡರ್ ಇತ್ತು. ಅವರೂ ಹಿಂದೆ ರೇಸ್ ಓಡಿಸಿದವರು.

ಮುಂದಿನ ಸಲ ರೇಸ್ ನೋಡುವಾಗ ಹಿಂದೆ ಬರೋ ಆ ಕಾರನ್ನೂ ಒಮ್ಮೆ ನೋಡಿ.